ಅರ್ಬುದಕಾರಕ ಮಾಲಿನ್ಯಗಳ ನಿವಾರಣೆಯಲ್ಲಿ ಸಸ್ಯಕಿಣ್ವಗಳು

ನೀರಿನಲ್ಲಿಯೂ ಮಣ್ಣಿನಲ್ಲಿಯೂ ಬೆರೆತ ಅರ್ಬುದಕಾರಕ ದ್ರವ್ಯಗಳನ್ನು ಮಾರ್ಪಡಿಸುವ ಶಕ್ತಿಯುಳ್ಳ ಸಸ್ಯಕಿಣ್ವಗಳ ಪೈಕಿ ಪೆರಾಕ್ಸಿಡೇಸಿನ ಚರಿತ್ರೆ ಬಲು ದೀರ್ಘವಾದುದು. ಸಾಸಿವೆಯ ಕುಟುಂಬಕ್ಕೆ ಸೇರಿದ, ನಮ್ಮ ನುಗ್ಗೆಯ ಬೇರಿನಂತೆಯೇ ಮೂಗಿಗೇರುವ ಘಾಟುಳ್ಳ ಹಾರ್ಸ್‌ರ‍್ಯಾಡಿಶ್ ಎಂಬ ಗಿಡದ ಹಸಿಬೇರನ್ನು ಗ್ವಾಯಾಕಮ್ ರಾಳದ ದ್ರಾವಣದಲ್ಲಿಟ್ಟರೆ ನೀಲವರ್ಣ ಮೂಡುವುದೆಂದು ಫ್ರಾನ್ಸಿನ ಪ್ಲಾಂಶ್ 1810ರಲ್ಲಿಯೇ ಕಂಡಿದ್ದನಾದರೂ, ಆ ಬಣ್ಣಕ್ಕೆ ಕಾರಣವಾದ ಕಿಣ್ವವನ್ನು ಸ್ಫಟಿಕರೂಪದಲ್ಲಿ ಪಡೆಯುವ ಕಾರ್ಯ ಸ್ವೀಡನ್ನಿನ ಹ್ಯೂಗೊ ಥಿಯೊರೆಲ್‌ನಿಂದ 1942ರಲ್ಲಿ ಕೈಗೂಡಿತು.

ಈ ಕಿಣ್ವಕ್ಕೂ ಅರ್ಬುದರೋಗಕ್ಕೂ ಸಂಬಂಧವುಂಟೆಂದು ಆಗ ಯಾರೂ ಎಣಿಸಿರಲಿಲ್ಲ. ಬಣ್ಣದ ಕಾರ್ಖಾನೆಗಳಲ್ಲಿ ದುಡಿಯುವವರ ಮೂತ್ರಕೋಶದಲ್ಲಿ ಗಂತಿಗಳೇಳುವುದನ್ನು ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲಿ ಪ್ರಕಟಿಸಿದ್ದನು. ಬೆಂಜಿಡೀನ್ ಮೊದಲಾದ ಆರೊಮ್ಯಾಟಿಕ್ ಅಮೈನುಗಳು ಇದಕ್ಕೆ ಕಾರಣವೆಂಬುದು ಕಾಲಾನಂತರದಲ್ಲಿ ಸ್ಥಿರಪಟ್ಟಿತು. 1980ರ ಸುಮಾರಿಗೆ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಕ್ಲಿಬಾನೊವ್ ಮತ್ತು ಸಹೋದ್ಯೋಗಿಗಳು ಇಂಥ ಅಮೈನುಗಳೂ ಫೀನಾಲುಗಳೂ ಕರಗಿದ ನೀರಿಗೆ ಹಾರ್ಸ್‌ರ‍್ಯಾಡಿಶ್ ಪೆರಾಕ್ಸಿಡೇಸನ್ನೂ ಹೈಡ್ರೊಜನ್ ಪೆರಾಕ್ಸೈಡನ್ನೂ ಬೆರೆಸಿದಾಗ, ವಿಷದ ಅಣುಗಳು ಉತ್ಕರ್ಷಣಗೊಂಡು, ಒಂದರೊಡನೊಂದು ಹೆಣೆದುಕೊಂಡು, ನೀರಿನಲ್ಲಿ ಕರಗದ ಗಷ್ಟಾಗಿ ತಳಕ್ಕಿಳಿದವು. ಸುಲಭವಾಗಿ ಇಳಿಯುವ ದ್ರವ್ಯಗಳು ಇಳಿಯಲೊಲ್ಲದವನ್ನೂ ತಮ್ಮೊಡನೆ ಸೆಳೆದೊಯ್ಯುವುದು ಇಲ್ಲಿಯ ವಿಶೇಷ. ಇದನ್ನು ವಿಘಟನೆಯೆಂದು ವರ್ಣಿಸುವ ವಾಡಿಕೆಯುಂಟಾದರೂ, ಕಿಣ್ವವು ಇಲ್ಲಿ ಮಾಡುವುದು ಒಡೆಯುವುದಕ್ಕಿಂತ ಹೆಚ್ಚಾಗಿ ಬಂಧಿಸುವ ಕಾರ್ಯವನ್ನೇ. ಉಳಿದ ಗಷ್ಟನ್ನು ಸೋಸಿ ತೆಗೆಯುವ ಹೊಣೆ ಮನುಷ್ಯನದು. ಕ್ರಿಯೆಯ ನಡುವೆ ಕಿಣ್ವವೇ ನಿಷ್ಕ್ರಿಯವಾಗುವುದೂ ಅದರ ಬೆಲೆಯೂ ದೊಡ್ಡ ತೊಡಕುಗಳಾದುದರಿಂದ, ಪೆನ್ಸಿಲ್ವೇನಿಯದ ಡೆಕ್ ಮತ್ತು ಬೊಲಾಗ್ 1994ರಲ್ಲಿ ಶುದ್ಧ ಕಿಣ್ವವನ್ನು ಬಿಟ್ಟು ಕೊಚ್ಚಿದ ಬೇರನ್ನೇ ಬಳಸಿ ನೋಡಿದರು.

ಜೀವಂತ ಸಸ್ಯದೊಳಗಿನ ಕ್ರಮ ಬೇರೆ. ಜರ್ಮನಿಯ ಹೈನ್ರಿಕ್ ಸಾಂಡರ್‌ಮನ್ ಇದಕ್ಕೆ ‘ಹಸಿರು ಯಕೃತ್ತು’ ಎಂದು ಹೆಸರಿಟ್ಟರು: ಸೈಟೊಕ್ರೋಮ್ ಪಿ450 ಮುಂತಾದ ಕಿಣ್ವಗಳು ವಿಷವನ್ನು ಮಾರ್ಪಡಿಸುತ್ತವೆ, ಬೇರೆ ಕಿಣ್ವಗಳು ಅದಕ್ಕೆ ಸಕ್ಕರೆಯನ್ನೋ ಗ್ಲುಟಥಯೋನನ್ನೋ ಜೋಡಿಸುತ್ತವೆ, ವಿಸರ್ಜನಾಂಗಗಳಿಲ್ಲದ ಗಿಡ ಅದನ್ನು ಕೋಶರಸಧಾನಿಯಲ್ಲಿ ಇಲ್ಲವೆ ಕೋಶಭಿತ್ತಿಯಲ್ಲಿ ಹುದುಗಿಸಿಡುತ್ತದೆ. ಅರ್ಬುದಕಾರಕವಾದ ಟ್ರೈಕ್ಲೋರೊಎಥಿಲೀನನ್ನು ಪಾಪ್ಲರ್ ಮರಗಳು ಹೀರಿ ಮಾರ್ಪಡಿಸುವುದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದವರು 1997ರಲ್ಲಿ ತೋರಿಸಿದರು. ಅಲ್ಲಿಯ ಶ್ಯಾರನ್ ಡಾಟಿ ಮತ್ತು ಸಂಗಡಿಗರು 2007ರಲ್ಲಿ ಮೊಲದ ಪಿ450 ಜೀನನ್ನು ಪಾಪ್ಲರಿಗೆ ಸೇರಿಸಿ ಆ ಶಕ್ತಿಯನ್ನು ಬಹುವಾಗಿ ವರ್ಧಿಸಿದರು. 2018ರಲ್ಲಿ ಅದೇ ಜೀನನ್ನು ಪಡೆದ ಮನಿ ಪ್ಲಾಂಟ್ ಗಾಳಿಯಲ್ಲಿಯ ಬೆಂಜೀನನ್ನೂ ಕ್ಲೋರೊಫಾರ್ಮನ್ನೂ ತಗ್ಗಿಸಿತು. ಅದೇ ಪ್ರಯೋಗದಲ್ಲಿ ಸಾಧಾರಣ ಮನಿ ಪ್ಲಾಂಟಿನಿಂದ ಅಂಥ ಫಲವೇನೂ ದೊರೆಯಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.