ಗ್ರಂಥ, ಪರಂಪರೆ, ಧರ್ಮಸಭೆ: ಕ್ರೈಸ್ತ ಜಗತ್ತನ್ನು ಇಬ್ಭಾಗಿಸಿದ ಪ್ರಶ್ನೆ

ದೇವವಾಣಿಯು ಮನುಷ್ಯರ ಬಳಿಗೆ ಬಂದಿದೆಯೆಂದು ನಂಬುವ ಪ್ರತಿಯೊಂದು ಸಮುದಾಯದ ಮುಂದೆಯೂ ಮೂರು ಪ್ರಶ್ನೆಗಳು ನಿಲ್ಲುತ್ತವೆ. ಆ ವಾಣಿಯನ್ನು ತಲೆಮಾರಿನಿಂದ ತಲೆಮಾರಿಗೆ ತಲುಪಿಸಿದವರು ಯಾರು? ಅದರ ಅರ್ಥವನ್ನು ವಿವರಿಸುವ ಅರ್ಹತೆ ಯಾರಿಗಿದೆ? ವಿವರಣೆಗಳು ಪರಸ್ಪರ ವಿರುದ್ಧವಾದಾಗ ತೀರ್ಪು ನೀಡುವವರು ಯಾರು? 16ನೇ ಶತಮಾನದ ಯುರೋಪಿನಲ್ಲಿ ಕ್ರೈಸ್ತ ಜಗತ್ತು ಇಬ್ಭಾಗವಾದುದು ಈ ಮೂರು ಪ್ರಶ್ನೆಗಳ ಸುತ್ತಲೇ. ಒಂದು ಪಕ್ಷದವರು ಕ್ಯಾಥೋಲಿಕರೆಂದೂ ಇನ್ನೊಂದು ಪಕ್ಷದವರು ಪ್ರೊಟೆಸ್ಟೆಂಟರೆಂದೂ ಕರೆಯಲ್ಪಟ್ಟರು.

ಈ ಇತಿಹಾಸ ನಮಗೆ ದೂರದ್ದಲ್ಲ. ಕರಾವಳಿಯ ಮಂಗಳೂರಿನಲ್ಲಿ ಕ್ಯಾಥೋಲಿಕರು ಶತಮಾನಗಳಿಂದ ನೆಲೆಸಿದ್ದಾರೆ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಶನ್ ಪ್ರೊಟೆಸ್ಟೆಂಟ್ ಸಂಸ್ಥೆಯಾಗಿತ್ತು. 1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಕಿಟ್ಟೆಲ್ ಆ ಮಿಶನ್ನಿನವರೇ. ಇಬ್ಬರೂ ಬೈಬಲನ್ನು ಪವಿತ್ರವೆಂದು ಎತ್ತಿ ಹಿಡಿಯುತ್ತಾರೆ. ಆದರೆ ಕ್ಯಾಥೋಲಿಕರ ಬೈಬಲಿನಲ್ಲಿ 73 ಪುಸ್ತಕಗಳಿವೆ, ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66. ಈ ಏಳು ಪುಸ್ತಕಗಳ ಅಂತರ ಹೇಗೆ ಉಂಟಾಯಿತೆಂದು ನೆರೆಮನೆಯ ನಾವು ಎಂದೂ ಕೇಳಿಲ್ಲ. ಗ್ರಂಥದವರೊಂದಿಗೆ ಅತ್ಯುತ್ತಮ ರೀತಿಯಲ್ಲಿ ಸಂವಾದಿಸಬೇಕೆಂದು ಸೂರಾ ಅಲ್ ಅನ್‌ಕಬೂತ್‌ನ 46ನೇ ಸೂಕ್ತವು ನಮಗೆ ಕಲಿಸುತ್ತದೆ. ಎದುರಿನವರ ವಾದವನ್ನು ಅದರ ಅತ್ಯಂತ ಪ್ರಬಲ ರೂಪದಲ್ಲಿ ಅರಿಯುವುದು ಆ ಉತ್ತಮ ರೀತಿಯ ಮೊದಲ ಮೆಟ್ಟಿಲು.

1517ರ ಅಕ್ಟೋಬರ್ 31ರಂದು ಜರ್ಮನಿಯ ವಿಟೆನ್‌ಬರ್ಗ್‌ನ ಸನ್ಯಾಸಿ ಹಾಗೂ ಪ್ರಾಧ್ಯಾಪಕ ಮಾರ್ಟಿನ್ ಲೂಥರ್ 95 ಪ್ರಮೇಯಗಳನ್ನು ಮುಂದಿಟ್ಟರು. ಪಾಪದ ದಂಡನೆಯಿಂದ ವಿನಾಯಿತಿ ನೀಡುವ ಪತ್ರಗಳನ್ನು ಧರ್ಮಸಭೆಯ ಹೆಸರಿನಲ್ಲಿ ಹಣಕ್ಕೆ ಹಂಚುತ್ತಿದ್ದುದು ಅದರ ತಕ್ಷಣದ ಕಾರಣವಾಗಿತ್ತು. ಆದರೆ ಜಗಳದ ನಿಜವಾದ ಬೇರು ಬಯಲಾದದ್ದು 1519ರ ಬೇಸಿಗೆಯಲ್ಲಿ, ಲೈಪ್‌ಜಿಗ್ ನಗರದ ವಾಗ್ವಾದದಲ್ಲಿ. ಅಲ್ಲಿ ಕ್ಯಾಥೋಲಿಕ್ ಪಕ್ಷದ ವಿದ್ವಾಂಸ ಯೋಹಾನ್ ಎಕ್, ಪೋಪರೂ ಧರ್ಮಸಭೆಯ ಮಹಾಸಮ್ಮೇಳನಗಳೂ ತಪ್ಪಬಲ್ಲವೇ ಎಂಬ ಪ್ರಶ್ನೆಯತ್ತ ಲೂಥರರನ್ನು ಒಯ್ದರು. 1415ರಲ್ಲಿ ಕಾನ್‌ಸ್ಟೆನ್ಸ್ ಸಮ್ಮೇಳನವು ಯಾನ್ ಹುಸ್ ಎಂಬ ಬೋಹೆಮಿಯಾದ ಪಂಡಿತರನ್ನು ಧರ್ಮಭ್ರಷ್ಟರೆಂದು ಸಾರಿ ಸುಡುವ ಶಿಕ್ಷೆಗೆ ಒಪ್ಪಿಸಿತ್ತು. ಹುಸ್‌ರ ಮಾತುಗಳಲ್ಲಿ ಕೆಲವು ಸತ್ಯವಾದವೆಂದೂ ಸಮ್ಮೇಳನಗಳೂ ತಪ್ಪಬಲ್ಲವೆಂದೂ ಲೂಥರ್ ಒಪ್ಪಿಕೊಂಡರು. ಅಲ್ಲಿಗೆ ಗ್ರಂಥವೊಂದೇ ಕೊನೆಯ ನ್ಯಾಯಾಧೀಶ ಎಂಬ ನಿಲುವು ಸ್ಪಷ್ಟವಾಯಿತು.

ಅದೇ ವಾಗ್ವಾದದಲ್ಲಿ ಕ್ಯಾಥೋಲಿಕ್ ಪಕ್ಷದ ಮೊದಲ ಪ್ರಬಲ ವಾದವೂ ಹೊರಬಿತ್ತು. ಮರಣಾನಂತರ ಆತ್ಮಗಳು ಶುದ್ಧಿ ಹೊಂದುವ ಸ್ಥಳವೊಂದಿದೆ ಎಂಬುದಕ್ಕೆ ಎಕ್ ಮಕ್ಕಬಿಯರ ಎರಡನೆಯ ಗ್ರಂಥವನ್ನು ಆಧಾರವಾಗಿ ತೋರಿಸಿದರು. ಆ ಪುಸ್ತಕವು ಪ್ರಮಾಣಗ್ರಂಥಗಳ ಸಾಲಿಗೆ ಸೇರದು ಎಂದು ಲೂಥರ್ ಉತ್ತರಿಸಿದರು. ಹಾಗಾದರೆ ಸಾಲಿಗೆ ಸೇರುವ ಪುಸ್ತಕ ಯಾವುದು, ಸೇರದಿರುವುದು ಯಾವುದು ಎಂದು ನಿರ್ಧರಿಸುವವರು ಯಾರು? ಬೈಬಲಿನೊಳಗೆ ಅದರ ಪುಸ್ತಕಗಳ ಪಟ್ಟಿಯಿಲ್ಲ. ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನಷ್ಟೇ ನಮಗೆ ತಿಳಿದ ರೂಪದಲ್ಲಿ ಹೆಸರಿಸಿದ ಪಟ್ಟಿ ಕಾಣಸಿಗುವುದು ಕ್ರಿ.ಶ. 367ರಲ್ಲಿ, ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್‌ರ ಪತ್ರದಲ್ಲಿ. ಉತ್ತರ ಆಫ್ರಿಕಾದ ಹಿಪ್ಪೊ (393) ಮತ್ತು ಕಾರ್ಥೇಜ್ (397) ಸಭೆಗಳು ಪಟ್ಟಿಯನ್ನು ದೃಢಪಡಿಸಿದವು. ಧರ್ಮಸಭೆಯ ಪ್ರಮಾಣವು ತಮ್ಮನ್ನು ಪ್ರೇರೇಪಿಸದಿದ್ದರೆ ತಾವು ಶುಭಸಂದೇಶವನ್ನೇ ನಂಬುತ್ತಿರಲಿಲ್ಲವೆಂಬ ಅರ್ಥದ ಮಾತನ್ನು ಸಂತ ಅಗಸ್ಟೀನರು ಬರೆದಿದ್ದರು. ಕ್ಯಾಥೋಲಿಕ್ ಪಂಡಿತರು ಅದನ್ನು ಮತ್ತೆ ಮತ್ತೆ ಮುಂದಿಟ್ಟರು. ಗ್ರಂಥವನ್ನು ಕೈಗಿತ್ತವರ ಮೇಲೆ ನಂಬಿಕೆಯಿಲ್ಲದವನಿಗೆ ಆ ಗ್ರಂಥದ ಮೇಲೆ ನಂಬಿಕೆ ಹೇಗೆ ಬಂತು ಎಂಬುದು ಅವರ ಪ್ರಶ್ನೆ.

ಪ್ರೊಟೆಸ್ಟೆಂಟರ ಬಳಿ ಉತ್ತರವಿರಲಿಲ್ಲವೆಂದಲ್ಲ. ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಪ್ರಾಚೀನ ವಿದ್ವಾಂಸ ಜೆರೋಮರೇ ಹೀಬ್ರೂ ಮೂಲದಲ್ಲಿಲ್ಲದ ಪುಸ್ತಕಗಳನ್ನು ಬೇರೆಯಾಗಿ ಎಣಿಸಿದ್ದರು. ಧರ್ಮಸಭೆಯು ಗ್ರಂಥಕ್ಕೆ ಪ್ರಾಮಾಣ್ಯವನ್ನು ಕೊಡುವುದಿಲ್ಲ, ಅದರಲ್ಲಿ ಮೊದಲೇ ಇರುವ ಪ್ರಾಮಾಣ್ಯವನ್ನು ಗುರುತಿಸುತ್ತದೆ ಅಷ್ಟೇ ಎಂದು ಫ್ರಾನ್ಸ್ ಮೂಲದ ಸುಧಾರಕ ಜಾನ್ ಕ್ಯಾಲ್ವಿನ್ ವಾದಿಸಿದರು. ಬೆಳಕನ್ನು ಬೆಳಕೆಂದು ಗುರುತಿಸಲು ಯಾರ ಅಪ್ಪಣೆ ಬೇಕು ಎಂಬುದು ಅವರ ತರ್ಕದ ತಿರುಳು. ಆದರೆ ಈ ಮಾರ್ಗದಲ್ಲಿಯೂ ತೊಡಕಿತ್ತು. 1522ರಲ್ಲಿ ಲೂಥರ್ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದಾಗ ಯಾಕೋಬನ ಪತ್ರವೂ ಸೇರಿದಂತೆ ನಾಲ್ಕು ಪುಸ್ತಕಗಳನ್ನು ಕ್ರಮಸಂಖ್ಯೆಯಿಲ್ಲದೆ ಕೊನೆಗೆ ಸರಿಸಿದ್ದರು. ಒಬ್ಬ ವ್ಯಕ್ತಿಯ ಅಂತರಂಗವೇ ಗ್ರಂಥದ ಅಳತೆಗೋಲಾದರೆ ನಾಳೆ ಇನ್ನೊಬ್ಬನು ಇನ್ನೇನನ್ನು ಸರಿಸಬಹುದು ಎಂದು ಕ್ಯಾಥೋಲಿಕರು ಬೊಟ್ಟು ಮಾಡಿದರು.

ಅವರ ಎರಡನೆಯ ವಾದ ವ್ಯಾಖ್ಯಾನಕ್ಕೆ ಸಂಬಂಧಿಸಿದ್ದು. ಗ್ರಂಥವು ಸ್ವತಃ ಸ್ಪಷ್ಟವಾಗಿದ್ದರೆ ಗ್ರಂಥವನ್ನೇ ನಂಬಿದ ಪ್ರಾಮಾಣಿಕರೆಲ್ಲ ಒಂದೇ ಅರ್ಥಕ್ಕೆ ಬರಬೇಕಿತ್ತು. 1529ರ ಅಕ್ಟೋಬರ್‌ನಲ್ಲಿ ಮಾರ್‌ಬರ್ಗ್ ಕೋಟೆಯಲ್ಲಿ ಈ ಮಾತಿನ ಪರೀಕ್ಷೆ ನಡೆಯಿತು. ಹೆಸ್ಸೆಯ ಅರಸ ಫಿಲಿಪ್, ಲೂಥರ್ ಮತ್ತು ಜೂರಿಕ್‌ನ ಸುಧಾರಕ ಜ್ವಿಂಗ್ಲಿ ಇಬ್ಬರನ್ನೂ ಒಂದೇ ಮೇಜಿನ ಬಳಿ ಕೂರಿಸಿದರು. ಸಿದ್ಧಪಡಿಸಿದ 15 ಅಂಶಗಳ ಪೈಕಿ 14ರಲ್ಲಿ ಒಮ್ಮತ ಮೂಡಿತು. ಉಳಿದ ಒಂದರಲ್ಲಿ, ಅಂತಿಮ ಭೋಜನದ ರೊಟ್ಟಿಯನ್ನು ಕುರಿತು ಯೇಸು ಅಂದರೆ ಹ. ಈಸಾ(ಅ) ಆಡಿದರೆಂದು ಅವರು ನಂಬುವ ಪುಟ್ಟ ವಾಕ್ಯವೊಂದರ ಅರ್ಥದಲ್ಲಿ, ಅವರು ಸೇರಲಾಗಲಿಲ್ಲ. ಲೂಥರ್ ಆ ವಾಕ್ಯವನ್ನು ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದು ಅಕ್ಷರಾರ್ಥಕ್ಕೆ ಅಂಟಿಕೊಂಡರೆಂದು ಪ್ರತೀತಿ. ಜ್ವಿಂಗ್ಲಿ ಅದನ್ನು ಸಂಕೇತವೆಂದರು. ಇಬ್ಬರ ಕೈಯಲ್ಲೂ ಒಂದೇ ಗ್ರಂಥವಿತ್ತು, ಇಬ್ಬರೂ ಗ್ರಂಥವೊಂದೇ ಸಾಕು ಎಂದವರು. ನ್ಯಾಯಾಧೀಶನಿಲ್ಲದೆ ಕಾನೂನಿನ ಪುಸ್ತಕವೊಂದೇ ವ್ಯಾಜ್ಯವನ್ನು ಬಗೆಹರಿಸದು ಎಂಬ ಕ್ಯಾಥೋಲಿಕ್ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಮೂರನೆಯದು ಅವಿಚ್ಛಿನ್ನತೆಯ ವಾದ. 1521ರ ಏಪ್ರಿಲ್‌ನಲ್ಲಿ ವೋರ್ಮ್ಸ್ ಸಭೆಯ ಮುಂದೆ ಲೂಥರ್ ತಮ್ಮ ಬರಹಗಳನ್ನು ಹಿಂಪಡೆಯಲು ನಿರಾಕರಿಸಿದ ಮರುದಿನ, 21ರ ಹರೆಯದ ಚಕ್ರವರ್ತಿ ಐದನೇ ಚಾರ್ಲ್ಸ್, ಸಾವಿರ ವರ್ಷಗಳ ಕ್ರೈಸ್ತರೆಲ್ಲರೂ ತಪ್ಪಿ ಒಬ್ಬ ಸನ್ಯಾಸಿ ಮಾತ್ರ ಸರಿಯಿರಲಾರನೆಂಬ ಆಶಯದ ಹೇಳಿಕೆ ನೀಡಿದರು. ಇದೇ ವಾದವನ್ನು ಅತ್ಯಂತ ಸೌಜನ್ಯದಿಂದ ಮಂಡಿಸಿದವರು ಕಾರ್ಡಿನಲ್ ಸದೊಲೆಟೊ. 1539ರಲ್ಲಿ ಜಿನೀವಾದ ಜನರಿಗೆ ಬರೆದ ಪತ್ರದಲ್ಲಿ ಅವರು ಅಂತಿಮ ವಿಚಾರಣೆಯ ದಿನವನ್ನು ಚಿತ್ರಿಸಿದರು: ಒಬ್ಬನು ಪೂರ್ವಿಕರ ಧರ್ಮಸಭೆಯನ್ನು ವಿನಯದಿಂದ ಅನುಸರಿಸಿದವನು, ಇನ್ನೊಬ್ಬನು ತನ್ನ ಬುದ್ಧಿಯನ್ನೇ ನೆಚ್ಚಿ ಅದನ್ನು ತೊರೆದವನು, ದೇವರ ಮುಂದೆ ಯಾರ ಉತ್ತರ ಸುರಕ್ಷಿತ?

ಆಗ ಜಿನೀವಾದಿಂದ ಹೊರಹಾಕಲ್ಪಟ್ಟು ಸ್ಟ್ರಾಸ್‌ಬರ್ಗ್‌ನಲ್ಲಿದ್ದ ಕ್ಯಾಲ್ವಿನರೇ ಇದಕ್ಕೆ ಉತ್ತರ ಬರೆದರು. ಅವರೂ ಅದೇ ವಿಚಾರಣೆಯ ದಿನವನ್ನು ಚಿತ್ರಿಸಿ, ತಾವು ಧರ್ಮಸಭೆಯನ್ನು ಬಿಟ್ಟವರಲ್ಲ, ಅದರ ಪ್ರಾಚೀನ ರೂಪವನ್ನು ಮರಳಿ ಕಟ್ಟುತ್ತಿರುವವರೆಂದು ವಾದಿಸಿದರು. ದೇವವಾಕ್ಯವನ್ನು ಮರೆತ ಕುರುಬನನ್ನು ಕುರಿಗಳು ಕಣ್ಮುಚ್ಚಿ ಹಿಂಬಾಲಿಸಬೇಕೇ ಎಂಬುದು ಅವರ ಮರುಪ್ರಶ್ನೆ. ಎರಡೂ ಪತ್ರಗಳು ದೇವರ ಮುಂದೆ ನಿಲ್ಲಬೇಕಾದ ಭಯದಿಂದಲೇ ಹುಟ್ಟಿದವುಗಳೆಂಬುದನ್ನು ಓದುಗರು ಗಮನಿಸಬೇಕು.

1545ರ ಡಿಸೆಂಬರ್‌ನಲ್ಲಿ ಆರಂಭಗೊಂಡ ಟ್ರೆಂಟ್ ಮಹಾಸಮ್ಮೇಳನವು 1546ರ ಏಪ್ರಿಲ್ 8ರಂದು ಕ್ಯಾಥೋಲಿಕ್ ನಿಲುವನ್ನು ಅಧಿಕೃತವಾಗಿ ಘೋಷಿಸಿತು. ಲಿಖಿತ ಗ್ರಂಥಗಳನ್ನೂ ಪ್ರೇಷಿತರಿಂದ ಬಂದ ಅಲಿಖಿತ ಪರಂಪರೆಗಳನ್ನೂ ಸಮಾನ ಗೌರವದಿಂದ ಸ್ವೀಕರಿಸಬೇಕು. ಧರ್ಮಸಭೆಯು ಹಿಡಿದುಬಂದ ಅರ್ಥಕ್ಕೆ ವಿರುದ್ಧವಾಗಿ ಗ್ರಂಥವನ್ನು ಯಾರೂ ವ್ಯಾಖ್ಯಾನಿಸಕೂಡದು. ಸಭೆಯೊಳಗೂ ಭಿನ್ನ ಸ್ವರಗಳಿದ್ದವು. ಸತ್ಯವು ಭಾಗಶಃ ಗ್ರಂಥದಲ್ಲಿ, ಭಾಗಶಃ ಪರಂಪರೆಯಲ್ಲಿ ಇದೆಯೆಂದಿದ್ದ ಕರಡನ್ನು ಬದಲಿಸಿ, ಗ್ರಂಥ ಮತ್ತು ಪರಂಪರೆಯಲ್ಲಿ ಇದೆಯೆಂದಷ್ಟೇ ಬರೆಯಲಾಯಿತು. ಎರಡನ್ನೂ ಸಮಾನವೆನ್ನುವುದನ್ನು ಕಿಯೋಜಾದ ಬಿಷಪ್ ನಕ್ಕಿಯಾಂತಿ ಬಹಿರಂಗವಾಗಿಯೇ ವಿರೋಧಿಸಿದರು. ಅಷ್ಟೇ ಅಲ್ಲ, ಪ್ರೇಷಿತರಿಂದ ಬಂದ ಪರಂಪರೆ ಬೇರೆ, ಕಾಲಾನುಕ್ರಮದಲ್ಲಿ ಬೆಳೆದ ರೂಢಿ ಬೇರೆ ಎಂಬ ವಿವೇಚನೆಯೂ ಅಲ್ಲಿ ನಡೆಯಿತು. ಮುಂದೆ 1870ರಲ್ಲಿ ಮೊದಲನೆಯ ವ್ಯಾಟಿಕನ್ ಸಮ್ಮೇಳನವು, ಪೋಪರು ತಮ್ಮ ಪೀಠದಿಂದ ವಿಶ್ವಾಸ ಮತ್ತು ನೀತಿಯ ಕುರಿತು ಅಧಿಕೃತವಾಗಿ ನೀಡುವ ತೀರ್ಮಾನಗಳು ತಪ್ಪಲಾರವೆಂದು ಸಾರಿತು. 1965ರಲ್ಲಿ ಎರಡನೆಯ ವ್ಯಾಟಿಕನ್ ಸಮ್ಮೇಳನವು ಬೋಧನಾಧಿಕಾರವು ದೇವವಾಕ್ಯದ ಮೇಲಿನದಲ್ಲ, ಅದರ ಸೇವೆಗಿರುವುದು ಎಂದು ಒತ್ತಿ ಹೇಳಿತು.

ಇದನ್ನೆಲ್ಲ ಅರಿತ ಮೇಲೆ ನಮ್ಮ ಮನೆಯತ್ತ ತಿರುಗೋಣ. ನಮ್ಮ ಸ್ಥಿತಿ ಅವರದಕ್ಕಿಂತ ಭಿನ್ನವೆಂಬುದು ನಿಜ. ಪವಿತ್ರ ಕುರ್‌ಆನ್ ಪ್ರವಾದಿ(ಸ)ಯವರ ಸಹಾಬಿಗಳ ಕಂಠಗಳಲ್ಲಿತ್ತು. ಯಮಾಮ ಯುದ್ಧದ ಬಳಿಕ ಹ. ಅಬೂಬಕರ್(ರ)ರ ಆದೇಶದಂತೆ ಹ. ಝೈದ್ ಬಿನ್ ಸಾಬಿತ್(ರ) ಅದನ್ನು ಒಂದೆಡೆ ಸಂಗ್ರಹಿಸಿದರು. ನಮ್ಮಲ್ಲಿ ಪೋಪರಿಲ್ಲ. ವಿದ್ವಾಂಸನ ಮಾತಿಗೆ ತೂಕ ಬರುವುದು ಅವನ ಪೀಠದಿಂದಲ್ಲ, ಅವನು ತೋರಿಸುವ ಪುರಾವೆಯಿಂದ. ಆದರೂ ಆ ಮೂರು ಪ್ರಶ್ನೆಗಳು ನಮ್ಮನ್ನು ಬಿಟ್ಟಿಲ್ಲ. ಕುರ್‌ಆನ್ ಒಂದೇ ಸಾಕು, ಸುನ್ನತ್ ಬೇಡ ಎನ್ನುವವರು ಇಮಾಮ್ ಶಾಫಿಈಯವರ ಕಾಲದಲ್ಲೂ ಇದ್ದರು, ಅವರಿಗೆ ಇಮಾಮರು ಉತ್ತರ ಬರೆದರು. ಇಂದು ಕನ್ನಡ ಅನುವಾದ ಪ್ರತಿಯೊಬ್ಬರ ಮೊಬೈಲಿನಲ್ಲಿದೆ. ಅದು ಸಂತೋಷದ ವಿಷಯವೇ. ಆದರೆ ಅನುವಾದವನ್ನು ತೆರೆದ ಯುವಕನು ಇನ್ನು ಉಸ್ತಾದರೇಕೆ ಎಂದು ಕೇಳುವಾಗ ನಾವು ಒಂದು ಮಾತನ್ನು ನೆನಪಿಸಬೇಕು: ಝಕಾತ್ ಕೊಡಿರೆಂಬ ಆಜ್ಞೆ ಕುರ್‌ಆನಿನಲ್ಲಿದೆ, ಚಿನ್ನ ಬೆಳ್ಳಿಗೆ ಶೇ. 2.5 ಎಂಬ ಪ್ರಮಾಣ ಸುನ್ನತ್‌ನಿಂದ ಬಂದಿದೆ. ನಮಾಝಿನ ರಕಅತ್‌ಗಳ ಎಣಿಕೆಯೂ ಹಾಗೆಯೇ. ಇಲ್ಲಿ ಕ್ಯಾಥೋಲಿಕರ ಎಚ್ಚರಿಕೆ ನಮಗೂ ಪಾಠವಾಗಿದೆ.

ಇದರ ಮಗ್ಗುಲಲ್ಲೇ ಪ್ರೊಟೆಸ್ಟೆಂಟರ ಎಚ್ಚರಿಕೆಯೂ ಇದೆ. ಸೂರಾ ಅನ್ನಿಸಾದ 11ನೇ ಸೂಕ್ತವು ಹೆಣ್ಣುಮಗಳ ಪಿತ್ರಾರ್ಜಿತ ಪಾಲನ್ನು ಸ್ಪಷ್ಟವಾಗಿ ನಿಗದಿಪಡಿಸಿದೆ. ಆದರೆ ಎಷ್ಟೋ ಮನೆಗಳಲ್ಲಿ ಮದುವೆಯ ಖರ್ಚೇ ಅವಳ ಪಾಲು, ನಮ್ಮ ಹಿರಿಯರು ನಡೆಸಿಕೊಂಡು ಬಂದದ್ದೇ ಹೀಗೆ ಎಂದು ಹೇಳಿ ಸೋದರಿಯಿಂದ ಸಹಿ ಹಾಕಿಸಿಕೊಳ್ಳಲಾಗುತ್ತದೆ. ಇದು ಪರಂಪರೆಯಲ್ಲ, ಪರಂಪರೆಯ ವೇಷ ತೊಟ್ಟ ರೂಢಿ. ಅವಳು ಗ್ರಂಥವನ್ನು ತೆರೆದು ತನ್ನ ಪಾಲು ಎಲ್ಲಿ ಎಂದು ಕೇಳಿದರೆ, ನಿನಗೆ ಇದೆಲ್ಲ ಅರ್ಥವಾಗದು, ಸುಮ್ಮನಿರು ಎನ್ನುವ ಅಧಿಕಾರ ಯಾವ ವಿದ್ವಾಂಸನಿಗೂ ಇಲ್ಲ. ತಮ್ಮ ಧರ್ಮಪಂಡಿತರನ್ನೂ ಸನ್ಯಾಸಿಗಳನ್ನೂ ಪ್ರಭುಗಳನ್ನಾಗಿ ಮಾಡಿಕೊಂಡವರ ಬಗ್ಗೆ ಸೂರಾ ಅತ್ತೌಬಾದ 31ನೇ ಸೂಕ್ತ ಎಚ್ಚರಿಸುತ್ತದೆ. ಅದನ್ನು ಅನ್ಯರ ಮೇಲೆ ಎಸೆಯುವುದು ಸುಲಭ. ಸೋದರಿಯ ಪಾಲು ನುಂಗಿದ ಮನೆಯ ಮುಂದೆ ಮೌನವಾಗಿರುವ ನಮಗೂ ಅದು ಕನ್ನಡಿಯಾಗಬೇಕು.

ಕಾವಲುಗಾರನಿಲ್ಲದ ಗ್ರಂಥ ಬಾಯಿಗೊಂದು ಅರ್ಥವಾಗುತ್ತದೆ. ಗ್ರಂಥಕ್ಕೆ ಉತ್ತರಿಸದ ಕಾವಲುಗಾರ ತಾನೇ ಗ್ರಂಥವಾಗುತ್ತಾನೆ. ಯುರೋಪು ಈ ಎರಡು ಪಾಠಗಳಿಗೆ ಅಪಾರ ರಕ್ತದ ಬೆಲೆ ತೆತ್ತಿತು. ನಮ್ಮ ಮಕ್ಕಳು ಉಸ್ತಾದರ ಬಳಿ ಕಲಿಯಲಿ, ಕಲಿಯುತ್ತಲೇ ಪುರಾವೆಯನ್ನು ವಿನಯದಿಂದ ಕೇಳಲಿ. ಉಸ್ತಾದರು ಅದನ್ನು ಅಷ್ಟೇ ವಿನಯದಿಂದ ತೋರಿಸಲಿ. ಅಲ್ಲಾಹನು ನಮಗೆ ತನ್ನ ಗ್ರಂಥದ ತಿಳುವಳಿಕೆಯನ್ನೂ, ತನ್ನ ಪ್ರವಾದಿ(ಸ)ಯವರ ಮಾದರಿಯ ಮೇಲಿನ ದೃಢತೆಯನ್ನೂ, ಹಕ್ಕುದಾರರಿಗೆ ಹಕ್ಕು ಸಲ್ಲಿಸುವ ಧೈರ್ಯವನ್ನೂ ಅನುಗ್ರಹಿಸಲಿ. ಆಮೀನ್.