ಸಾರುವೆ ತಪಾಸಣೆ: ಮೇಸ್ತ್ರಿಯ ಕಣ್ಣಿನಿಂದ ತರಬೇತಿಯ ಕಾರ್ಡಿನವರೆಗೆ

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಬ್ರಿಟನ್ನಿನಲ್ಲಿ ಮರದ ಕಂಬಗಳನ್ನು ಹಗ್ಗದಿಂದ ಬಿಗಿದು ಸಾರುವೆ ಕಟ್ಟುತ್ತಿದ್ದರು. ಗಂಟು ಸಡಿಲಾಗಿದೆಯೇ, ಕಂಬ ಸೀಳಿದೆಯೇ ಎಂದು ತಿಳಿಯಲು ಮೇಸ್ತ್ರಿಯ ಅನುಭವವೇ ಆಧಾರ. ಡೇನಿಯಲ್ ಪಾಮರ್-ಜೋನ್ಸ್ ರೂಪಿಸಿದ ಲೋಹದ ಬಿಗಿ ಸಾಧನ 1913ರಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಕೆಲಸದಲ್ಲಿ ಬಳಕೆಯಾಯಿತು. ಉಕ್ಕಿನ ಪೈಪುಗಳು ಬಂದ ಮೇಲೆ ಅವನ್ನು ಜೋಡಿಸುವ ಕಪ್ಲರ್, ಓರೆ ಆಸರೆ, ಗೋಡೆಗೆ ಹಿಡಿದ ಕಟ್ಟು, ಬುಡದ ತಟ್ಟೆ ಎಲ್ಲವನ್ನೂ ಪರೀಕ್ಷಿಸಬೇಕಾಯಿತು.

ಎತ್ತರದಲ್ಲಿ ಮಾಡುವ ಕೆಲಸದ ಬಗೆಗಿನ ಬ್ರಿಟನ್ನಿನ 2005ರ ನಿಯಮಗಳ ಪ್ರಕಾರ, ಬೀಳುವ ಎತ್ತರ 2 ಮೀಟರ್ ಅಥವಾ ಅದಕ್ಕಿಂತ ಹೆಚ್ಚಿರುವ ಸಾರುವೆಯನ್ನು ಬಳಕೆಗೆ ಮುನ್ನ, ನಂತರ 7 ದಿನಕ್ಕೊಮ್ಮೆಯಾದರೂ, ಬಿರುಗಾಳಿಯಂಥ ಸಂದರ್ಭದ ಬಳಿಕವೂ ಪರೀಕ್ಷಿಸಿ ವರದಿ ಬರೆಯಬೇಕು. ಕಾನೂನು ಕೇಳುವುದು ನಿರ್ದಿಷ್ಟ ತರಬೇತಿ ಕಾರ್ಡನ್ನಲ್ಲ, ಸಮರ್ಥ ವ್ಯಕ್ತಿಯನ್ನು. ಆ ಸಾಮರ್ಥ್ಯಕ್ಕೆ ಜ್ಞಾನ, ತರಬೇತಿ, ಅನುಭವ ಮೂರೂ ಬೇಕು. ಬ್ರಿಟನ್ನಿನಲ್ಲಿ ಸಾರುವೆ ಕೆಲಸಗಾರರಿಗೆ ತರಬೇತಿಯ ಕಾರ್ಡು ಕೊಡುವ ಸಿಐಎಸ್‌ಆರ್‌ಎಸ್ ಯೋಜನೆ ಸರಳ ಸಾರುವೆಗೆ ಪ್ರಾಥಮಿಕ, ಜಟಿಲ ರಚನೆಗೆ ಉನ್ನತ ತಪಾಸಣಾ ಕೋರ್ಸ್ ನಡೆಸುತ್ತದೆ.