ಸೂಜಿ, ನಿದ್ದೆ ಮತ್ತು ಒಂದು ‘ಬಹುದು’

ಹೈದರಾಬಾದಿನ ಬೇಗಂ ಬಜಾರಿಗೆ ಸರಕಿನ ಲಾರಿಗಳು ಬರುವುದು ರಾತ್ರಿ. ಅಲ್ಲಿನ ಬಾಡಿಗೆ ಕೋಣೆಯಲ್ಲಿ ಮೂರು ತಿಂಗಳಿಂದ ನಿದ್ದೆಗೆಟ್ಟು ಕೂತಿದ್ದಾಗ ನನಗೊಂದು ಅನುವಾದದ ಕೆಲಸ ಬಂತು. ಅದು ಆಕ್ಯುಪಂಕ್ಚರ್ ಚಿಕಿತ್ಸೆಯ ಕರಪತ್ರ. ‘ಸೂಜಿಯಿಂದ ಮೆಲಟೋನಿನ್ ಹೆಚ್ಚುತ್ತದೆ, ನಿದ್ರಾಹೀನತೆ ಗುಣವಾಗುತ್ತದೆ’ ಎಂಬುದು ಅದರ ಮುಖ್ಯ ಸಾಲು. ಕೆಳಗಿನ ಗಂಧಿಗೆ ಅಂಗಡಿಯಿಂದ ತಂದ ಜಟಾಮಾಂಸಿಯ ಪೊಟ್ಟಣ ಮೇಜಿನ ಮೇಲೇ ಇತ್ತು. ಆ ಸಾಲನ್ನು ನಂಬುವ ಆಸೆ ನನಗೂ ಇತ್ತು. ಆದರೆ ಪದದ ಮೂಲ ಹುಡುಕದೆ ಅನುವಾದಿಸುವ ಅಭ್ಯಾಸ ನನಗಿಲ್ಲ.

ಚೀನೀಯರು ಈ ಚಿಕಿತ್ಸೆಯನ್ನು ಕರೆಯುವುದು ‘ಜೆನ್‌ಜಿಯು’ ಎಂದು. ‘ಜೆನ್’ ಎಂದರೆ ಸೂಜಿ, ‘ಜಿಯು’ ಎಂದರೆ ಮೂಲಿಕೆ ಉರಿಸಿ ಕೊಡುವ ಶಾಖ. ಜಪಾನಿನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದ ವಿಲ್ಲೆಮ್ ಟೆನ್ ರೈನೆ 1683ರ ತನ್ನ ಲ್ಯಾಟಿನ್ ಗ್ರಂಥದಲ್ಲಿ ಸೂಜಿಯ ಭಾಗಕ್ಕೆ ‘ಆಕ್ಯುಪಂಕ್ಚುರಾ’ ಎಂದು ಹೆಸರಿಟ್ಟ. ಯುರೋಪಿನಲ್ಲಿ ನಿಂತದ್ದು ಆ ಹೆಸರೇ, ಬೆಂಕಿ ಪದದಿಂದ ಹೊರಗುಳಿಯಿತು. ದೇಹದಲ್ಲಿ ‘ಚಿ’ ಹರಿಯುವ ದಾರಿಗಳಿಗೆ ಚೀನೀ ಪದ ‘ಜಿಂಗ್’. ಅದರ ಹಳೆಯ ಅರ್ಥ ಮಗ್ಗದ ಹಾಸುನೂಲು. 20ನೇ ಶತಮಾನದಲ್ಲಿ ಫ್ರೆಂಚ್ ರಾಯಭಾರ ಇಲಾಖೆಯಲ್ಲಿದ್ದ ಸೂಲಿಯೆ ದ ಮೊರಾನ್ ಅದನ್ನು ‘ಮೆರಿಡಿಯನ್’ ಎಂದ, ‘ಚಿ’ಯನ್ನು ‘ಎನರ್ಜಿ’ ಎಂದ. ಹಾಸುನೂಲು ಭೂಪಟದ ರೇಖೆಯಾಯಿತು, ‘ಚಿ’ ಭೌತಶಾಸ್ತ್ರದ ಪದವಾಯಿತು. ಹೊಸ ಪದ ವಿಜ್ಞಾನದ್ದಾದ ಮಾತ್ರಕ್ಕೆ ಅದು ಹೇಳುವುದು ವಿಜ್ಞಾನವಾಗುವುದಿಲ್ಲ.

ಭಾರತಕ್ಕೆ ಈ ವಿದ್ಯೆ ಬಂದದ್ದು ಬೇರೊಂದು ದಾರಿಯಲ್ಲಿ. 1938ರಲ್ಲಿ, ಜಪಾನಿನ ದಾಳಿಗೆ ತುತ್ತಾಗಿದ್ದ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರನ್ನು ಕಳಿಸಿತು. ಅವರಲ್ಲಿ ಒಬ್ಬರು ಮಗ್ಗಗಳ ಊರಾದ, ಕನ್ನಡವೂ ಮನೆಮಾತಾಗಿರುವ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್. ಅವರು 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಇನ್ನೊಬ್ಬರಾದ ಬಿಜಯ ಕುಮಾರ ಬಸು ಹಿಂತಿರುಗಿ ಬಂದು, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿವಿದ್ಯೆ ಕಲಿತು, ಕಲ್ಕತ್ತೆಯಲ್ಲಿ ಚಿಕಿತ್ಸೆ ಆರಂಭಿಸಿದರು.

ಈಗ ಮೆಲಟೋನಿನ್ ವಿಷಯ. ಕತ್ತಲಾದ ಮೇಲೆ ಮಿದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಈ ಹಾರ್ಮೋನು ದೇಹಕ್ಕೆ ರಾತ್ರಿಯ ಸುದ್ದಿ ಮುಟ್ಟಿಸುತ್ತದೆ. 2004ರಲ್ಲಿ ಪ್ರಕಟವಾದ ಕೆನಡಾದ ಒಂದು ಅಧ್ಯಯನದಲ್ಲಿ, ಆತಂಕ ಮತ್ತು ನಿದ್ರಾಹೀನತೆ ಇದ್ದ 18 ಜನರಿಗೆ ಐದು ವಾರ ಸೂಜಿ ಚಿಕಿತ್ಸೆ ಕೊಟ್ಟರು. ರಾತ್ರಿಯ ಮೆಲಟೋನಿನ್ ಹೆಚ್ಚಿತು, ನಿದ್ದೆಯೂ ಸುಧಾರಿಸಿತು. ಕರಪತ್ರದ ಸಾಲಿನ ಹಿಂದೆ ಇಂಥ ಅಧ್ಯಯನವಿದೆ. ಆದರೆ ಅಲ್ಲಿ ಹೋಲಿಸಿ ನೋಡಲು ಸೂಜಿ ಪಡೆಯದ ಗುಂಪು ಇರಲಿಲ್ಲ. ಹಾಗಾಗಿ ಫಲ ಸೂಜಿಯದೋ, ನಿರೀಕ್ಷೆಯದೋ, ಆರೈಕೆಯದೋ, ಬರೀ ಕಾಲದ್ದೋ ಎಂದು ಬೇರ್ಪಡಿಸಲಾಗದು. 2012ರ ಕಾಕ್ರೇನ್ ವಿಮರ್ಶೆ 33 ಪ್ರಯೋಗಗಳನ್ನೂ 2,293 ರೋಗಿಗಳನ್ನೂ ಒಟ್ಟಿಗೆ ನೋಡಿತು. ಪ್ರಯೋಗಗಳ ಗುಣಮಟ್ಟ ಕಡಿಮೆ, ಆದ್ದರಿಂದ ಪರವಾಗಿಯೂ ವಿರುದ್ಧವಾಗಿಯೂ ತೀರ್ಪು ಕೊಡಲಾಗದು ಎಂದಿತು.

ನಾನು ‘ಮೆಲಟೋನಿನ್ ಹೆಚ್ಚಬಹುದು’ ಎಂದು ಬರೆದು ಕಳಿಸಿದೆ. ಅಚ್ಚಾಗಿ ಬಂದ ಕರಪತ್ರದಲ್ಲಿ ‘ಬಹುದು’ ಇರಲಿಲ್ಲ. ನಿದ್ದೆಯಿಲ್ಲದೆ ಅದನ್ನು ಓದುವವರಿಗೆ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾಗಿದ್ದ ಮಾತು ಅದೇ.